ಅಳಿಯನಿಗೆ ಲಾರಿ ಕಲಿಸಿದ್ದು

ಲಾರಿ ಕಲಿಯಲು ಬರುವ ಹೊಸಬರು ಕೇಳುವ ಮೊದಲ ಪ್ರಶ್ನೆ ಗೇರಿನದಲ್ಲ, ಬ್ರೇಕಿನದೂ ಅಲ್ಲ. ‘ಶುರೂಕ ಪಗಾರ ಎಷ್ಟ ಕೊಡತಾರ್ರಿ?’ ಕೇಳಲಿ, ತಪ್ಪೇನಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಮೂವತ್ತು ವರ್ಷಕ್ಕೂ ಮೇಲೆ ಲಾರಿ ಓಡಿಸಿ, ಆಮೇಲೆ ಏಳೆಂಟು ವರ್ಷ ಹೊಸಬರಿಗೆ ಕಲಿಸಿ, ಈಗ ಕಣ್ಣಿನ ಪೊರೆ ತೆಗೆಸಿಕೊಂಡು ಅಣ್ಣಿಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಫಕೀರಪ್ಪನಾದ ನಾನು ಆ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಆದರೆ ಉತ್ತರ ಸ್ವಲ್ಪ ಉದ್ದ. ಅದರಲ್ಲಿ ನನ್ನ ಅಳಿಯ ಬರುತ್ತಾನೆ, ಒಂದು ಬಣವೆ ಬರುತ್ತದೆ, ಬೆಣ್ಣಿಹಳ್ಳವೂ ಬರುತ್ತದೆ. ಚಹಾ ತರಿಸಿಕೊಂಡು ಓದುವುದು ಒಳ್ಳೆಯದು.

ಮೊದಲು ನನ್ನದೇ ಪಗಾರದ ಮಾತು. ನನಗೆ ಕಲಿಸಿದವರು ಇಮಾಮಸಾಬ ಉಸ್ತಾದರು. ಅವರ ಹತ್ತಿರ ಎರಡು ವರ್ಷ ಗಾಜು ಒರೆಸಿದೆ, ಟಾಯರ್ ಬಿಚ್ಚಿದೆ, ಸ್ಟೋವಿನ ಮೇಲೆ ಅನ್ನ ಸೀದಿಸಿದೆ. ಸ್ಟೇರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಪಗಾರ ಕೇಳಿದೆ. ಉಸ್ತಾದರು ಬೀಡಿ ಬಾಯಿಂದ ತೆಗೆದು, ‘ಪಗಾರ? ನನ್ನ ಬೈಗಳ ಪುಕ್ಕಟ ಕೇಳಾಕತ್ತೀ, ಅದಕ್ಕ ನೀನ ಏನರ ಕೊಡಬೇಕಲೇ ಫಕೀರ್ಯಾ’ ಅಂದರು. ಅವರು ಕಲಿಸುತ್ತಿದ್ದದ್ದೇ ಬೈಗುಳದಿಂದ. ಕ್ಲಚ್ ಬಿಡುವುದು ತಡವಾದರೆ ಒಂದು, ಬೇಗ ಬಿಟ್ಟರೆ ಇನ್ನೊಂದು, ಸರಿಯಾಗಿ ಬಿಟ್ಟರೆ ‘ಇಷ್ಟ ದಿನಾ ಏನ ಮಾಡಾಕತ್ತಿದ್ದೀ’ ಎಂದು ಮತ್ತೊಂದು. ಬೈದದ್ದು ಕಿವಿಯಿಂದ ಕಾಲಿಗೆ ಇಳಿದು, ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುವುದಕ್ಕೆ ವಿದ್ಯೆ ಎನ್ನುತ್ತಾರೆಂದು ನಾನು ನಂಬಿದ್ದೆ.

ವಿದ್ಯೆ ಬಂತು, ಜೊತೆಗೆ ಸೊಕ್ಕೂ ಬಂತು. ಲೈಸೆನ್ಸ್ ಕೈಗೆ ಬಂದ ಮೊದಲ ವಾರ, ಖಾಲಿ ಲಾರಿ ತೆಗೆದುಕೊಂಡು ಹೋಗುವಾಗ ದಾರಿ ತಪ್ಪಿಸಿ ನಮ್ಮ ಹಳ್ಳಿಗೆ ಹೋದೆ. ಊರಿನವರು ನೋಡಲಿ ಎಂಬುದೊಂದೇ ಕಾರಣ. ಎಲ್ಲರೂ ನೋಡಿದರು. ಸಾಲದೆಂದು, ಊರ ಬಾಜೂ ಹೊಲದಲ್ಲಿ ಲಾರಿಯನ್ನು ಒಂದು ಸುತ್ತು ಹೊಡೆಸಿ ತೋರಿಸಲು ಹೋದೆ. ಎರೆಹೊಲ. ಮಳೆ ನಿಂತು ನಾಲ್ಕು ದಿನವಾಗಿತ್ತು, ಮೇಲಿನ ಪದರ ಒಣಗಿ ರಸ್ತೆಯಂತೆ ಕಾಣುತ್ತಿತ್ತು. ಒಳಗೆ ಅಂಬಲಿ. ಎರೆಮಣ್ಣಿನಲ್ಲೇ ಹುಟ್ಟಿ, ಅದರಲ್ಲೇ ಉರುಳಾಡಿ ಬೆಳೆದ ನಾನು, ಸ್ಟೇರಿಂಗ್ ಹಿಡಿದ ಕೂಡಲೇ ಅದನ್ನು ಮರೆತಿದ್ದೆ. ಅರ್ಧ ಸುತ್ತಿಗೆ ಲಾರಿ ಅಚ್ಚಿನವರೆಗೆ ಕುಳಿತುಬಿಟ್ಟಿತು. ಆರು ಜೋಡಿ ಎತ್ತು ಹೂಡಿ ಎಳೆದರು. ಯಾರೋ ಹಲಗೆ ತಂದು ಬಾರಿಸಿದರು, ಮಕ್ಕಳಿಗೆ ಶಾಲೆ ಬಿಟ್ಟರು. ಎತ್ತು ತಂದ ಕಾಕಾ ಒಬ್ಬರು, ‘ಏನಲೇ, ಡ್ರೈವರ್ ಆಗೇನಿ ಅಂದಿ, ಬಿತ್ತಾಕ ಬಂದೀಯೇನು?’ ಎಂದು ಕೇಳಿದ್ದು ಇಂದಿಗೂ ನಮ್ಮೂರಲ್ಲಿ ನಡೆಯುತ್ತದೆ. ಮದುವೆ ಮುಂಜಿಗೆ ಹೋದರೆ ಹೊಸ ಬೀಗರಿಗೆ ಮೊದಲು ಈ ಕಥೆ ಹೇಳಿ, ಆಮೇಲೆ ನನ್ನ ಹೆಸರು ಹೇಳುತ್ತಾರೆ.

ನನ್ನ ಕಾಲ ಹೋಯಿತು. ಈಗಿನ ರೀತಿ ಹೇಳುತ್ತೇನೆ. ಮೊದಲು ಹಗುರ ವಾಹನದ ಲೈಸೆನ್ಸ್ ತೆಗೆದು ಒಂದು ವರ್ಷವಾದರೂ ಆಗಿರಬೇಕು. ಆಮೇಲೆ ಭಾರೀ ವಾಹನಕ್ಕೆ ಶಾಲೆಯಲ್ಲಿ ಕಲಿತು, ಪರೀಕ್ಷೆ ಕೊಟ್ಟು, ಕಾರ್ಡು ತರಬೇಕು. ಕಾರ್ಡು ಬಂದರೆ ಡ್ರೈವರ್ ಆದೆ ಎಂದುಕೊಂಡರೆ, ಮದುವೆ ಪತ್ರಿಕೆ ಅಚ್ಚಾದ ದಿನವೇ ಮಗುವಿಗೆ ಕುಲಾವಿ ಹೊಲಿಸಿದಂತೆ. ಖಾಲಿ ಲಾರಿ ಬೇರೆ, ತುಂಬಿದ ಲಾರಿ ಬೇರೆ. ತುಂಬಿದ ಲಾರಿ ನಿಮ್ಮ ಮಾತನ್ನು ಸ್ವಲ್ಪ ತಡೆದು ಕೇಳುತ್ತದೆ. ಅದಕ್ಕೇ ಯಾವ ಮಾಲೀಕನೂ ಹೊಸಬನ ಕೈಗೆ ಕೂಡಲೇ ಪೂರಾ ಪಗಾರ ಇಡುವುದಿಲ್ಲ.

ನಾನು ಕಲಿಸುತ್ತಿದ್ದದ್ದು ಈರಣ್ಣ ಸಾವ್ಕಾರರ ಹತ್ತಿರ. ಕಾಳುಕಡಿ ವ್ಯಾಪಾರ, ಏಳು ಲಾರಿ. ಮಾತಾಡುವಾಗ ಜೇಬಿನಿಂದ ಕಡಲೆ ತೆಗೆದು ಬಾಯಿಗೆ ಎಸೆದುಕೊಳ್ಳುವ ಚಟ ಅವರಿಗೆ. ಕಡಲೆ ಅಗಿಯುವುದು ನಿಂತರೆ ಸಿಟ್ಟು ಬಂದಿದೆ ಎಂದು ಅರ್ಥ. ಅವರಲ್ಲಿ ಒಂದು ಪದ್ಧತಿ ಇತ್ತು. ಹೊಸ ಡ್ರೈವರನ ಜೊತೆ ಮೊದಲ ತುಂಬಿದ ಲೋಡಿಗೆ ನಾನು ಪಕ್ಕದಲ್ಲಿ ಕುಳಿತು ಹೋಗಬೇಕು, ಮರುದಿನ ಬಂದು ಒಂದೇ ಮಾತು ಹೇಳಬೇಕು: ‘ಪೂರಾ’ ಅಥವಾ ‘ಅರ್ಧ’. ಅರ್ಧ ಎಂದರೆ ಆರು ತಿಂಗಳು ಅರ್ಧ ಪಗಾರ. ಟ್ರಿಪ್ಪಿನ ಭತ್ಯೆ ಎಲ್ಲರಿಗೂ ಒಂದೇ. (ಹೊಸಬರೇ, ಪಗಾರ ಕೇಳುವಾಗ ಭತ್ಯೆ ಕೇಳುವುದನ್ನು ಮರೆಯಬೇಡಿ. ಪಂಕ್ಚರಿನ ಖರ್ಚು ಯಾರದು ಎಂದೂ ಕೇಳಿ. ನಾಚಿದವನ ಜೇಬಿಗೆ ತೂತು ಬೀಳುತ್ತದೆ.) ನಾನು ಹೆಚ್ಚಿನವರಿಗೆ ‘ಅರ್ಧ’ವೇ ಹೇಳಿದ್ದೇನೆ. ಆದರೆ ಸುಳ್ಳು ಹೇಳಿಲ್ಲ, ಸಾವ್ಕಾರರೂ ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ.

ಒಮ್ಮೆ ಸಾವ್ಕಾರರಿಗೆ ಹೊಸ ರೀತಿಯ ಹುಚ್ಚು ಹಿಡಿಯಿತು. ಹುಬ್ಬಳ್ಳಿಯಲ್ಲಿ ಒಂದು ಕಡೆ ಲಾರಿಯೇ ಇಲ್ಲದೆ ಲಾರಿ ಕಲಿಸುವ ಯಂತ್ರ ಬಂದಿದೆ, ನೋಡಿಕೊಂಡು ಬನ್ನಿ ಎಂದು ಕಳಿಸಿದರು. ಕುರ್ಚಿ, ಸ್ಟೇರಿಂಗ್, ಎದುರಿಗೆ ದೊಡ್ಡ ಟಿವಿ. ಕಲಿಸುವಾಕೆ ನನ್ನ ಮೊಮ್ಮಗಳ ವಯಸ್ಸಿನವಳು. ಮೂವತ್ತು ವರ್ಷದ ಡ್ರೈವರ್ ಎಂದು ಹೇಳಿಕೊಂಡು ಜಂಬದಿಂದ ಕುಳಿತೆ. ರಿವರ್ಸ್ ತೆಗೆದುಕೊಳ್ಳಿ ಎಂದಳು. ಅಭ್ಯಾಸಬಲ, ಬಲಗಡೆ ಕತ್ತು ಹೊರಗೆ ಹಾಕಿ ಹಿಂದೆ ನೋಡಿದೆ. ಅಲ್ಲಿ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರ್. ನಾನು ಕ್ಯಾಲೆಂಡರ್ ನೋಡುತ್ತಾ ಹಿಂದೆ ಹೋದೆ. ‘ಅಜ್ಜಾರ, ಕಂಬ ಹೋತು’ ಅಂದಳು. ಸ್ವಲ್ಪ ಹೊತ್ತಿಗೆ, ‘ಅಜ್ಜಾರ, ಬಸ್ಸೂ ಹೋತು’ ಅಂದಳು. ಕೊನೆಗೆ ಟಿವಿಯಲ್ಲಿ ಕೆಂಪಕ್ಷರ ಬಂತು, ಫೇಲ್. ಊರಿಗೆ ಬಂದು ಸಾವ್ಕಾರರಿಗೆ, ಯಂತ್ರ ಚೆನ್ನಾಗಿದೆ, ಆದರೆ ಅದಕ್ಕೆ ಇನ್ನೂ ಅನುಭವ ಸಾಲದು ಎಂದು ಹೇಳಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಇನ್ನು ಅಳಿಯನ ಮಾತು. ನನ್ನ ಮಗಳು ಕಸ್ತೂರಿಯ ಗಂಡ ಶಿವಾನಂದ ಗುಡಗೇರಿಯವರು. ಅಲ್ಲಿ ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು, ನಡೆಯಲಿಲ್ಲ. ಅಂಗಡಿ ಮುಚ್ಚಿ ಇಬ್ಬರೂ ನಮ್ಮ ಮನೆಗೆ ಬಂದರು. ನಮ್ಮ ಕಡೆ ಹೆಂಡತಿಯ ತವರಿನಲ್ಲಿ ಇರುವ ಗಂಡಸಿಗೆ ‘ಮನೀ ಅಳ್ಯಾ’ ಎನ್ನುತ್ತಾರೆ. ಮುಂದೆ ಎನ್ನುವುದಿಲ್ಲ, ಬೆನ್ನ ಹಿಂದೆ ಎನ್ನುತ್ತಾರೆ, ಅದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಶಿವಾನಂದ ಊಟಕ್ಕೆ ಕುಳಿತರೆ ಎರಡನೆಯ ರೊಟ್ಟಿ ಕೇಳುತ್ತಿರಲಿಲ್ಲ. ಕಾರು ಓಡಿಸುವ ಲೈಸೆನ್ಸ್ ಮೊದಲೇ ಇತ್ತು. ಯಾರಿಗೂ ಹೇಳದೆ ಲಾರಿ ಪರೀಕ್ಷೆಯನ್ನೂ ಪಾಸು ಮಾಡಿಕೊಂಡು ಬಂದು, ಒಂದು ದಿನ ಸಾವ್ಕಾರರ ಮುಂದೆ ನಿಂತುಬಿಟ್ಟರು.

ಅಂದು ಸಂಜೆ ಕಸ್ತೂರಿ ನನ್ನ ಎದುರಿಗೆ ಬಂದು ಕುಳಿತಳು. ‘ಅಪ್ಪಾ, ಟೇಶನ್ ಕಡೆ ಒಂದು ಬಾಡಿಗಿ ಮನಿ ನೋಡೇವಿ. ಪೂರಾ ಪಗಾರ ಬಂದ್ರ ಹಿಡಿಯಾಕ ಆಗತೈತಿ, ಅರ್ಧ ಬಂದ್ರ ಆಗೂದಿಲ್ಲ. ನೀ ಹೇಳೂದು ಒಂದ ಮಾತು.’

‘ಮಾತು ನಾ ಹೇಳೂದಲ್ಲವ್ವಾ, ಅವರ ಕೈ ಹೇಳಬೇಕು.’

‘ಅವರ ಕೈ ಹೇಳಲಿಲ್ಲಂದ್ರ ನೀ ಹೇಳು’ ಎಂದು ಎದ್ದುಹೋದಳು.

ಆರು ತಿಂಗಳು ಅರ್ಧ ಪಗಾರ ಎಂದರೆ ಆ ಮನುಷ್ಯ ಇನ್ನೂ ಆರು ತಿಂಗಳು ಎರಡನೆಯ ರೊಟ್ಟಿ ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ನನ್ನ ನಿಜವಾದ ಸಂಕಟ ಬೇರೆಯೇ ಇತ್ತು. ನನಗೆ ಕಲಿಸಲು ಬರುವುದು ಬೈಗುಳದಿಂದ ಮಾತ್ರ. ಅಳಿಯನಿಗೆ ಬೈಯುವುದುಂಟೆ? ನಮ್ಮಲ್ಲಿ ಅಳಿಯ ಬಂದರೆ ಮಾವ ಎದ್ದು ನಿಲ್ಲಬೇಕು. ಅಳಿಯ ಸೀನಿದರೂ ‘ಬರ್ರಿ, ಕುಂದರ್ರಿ’ ಎನ್ನಬೇಕು. ನನ್ನ ಹೆಂಡತಿ ಗಂಗವ್ವ ಮೊದಲೇ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟಿದ್ದಳು: ‘ಅಳ್ಯಾಗ ಒಂದ ಮಾತ ಹೆಚ್ಚುಕಡಿಮಿ ಅಂದ್ರಿ, ನೋಡ್ರಿ ಮತ್ತ!’

ಮೊದಲ ದಿನ ಊರ ಹೊರಗಿನ ಬಯಲಿಗೆ ಹೋದೆವು. ಅಳಿಯಂದಿರು ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕುಳಿತೆ. ಬಯಲಿನ ತುದಿಯಲ್ಲಿ ಒಂದು ದೊಡ್ಡ ಬಣವೆ, ಜೋಳದ ಒಣದಂಟಿನದು, ನಮ್ಮ ಕಡೆ ಕಣಕಿ ಎನ್ನುತ್ತಾರೆ. ಲಾರಿ ನೆಟ್ಟಗೆ ಅತ್ತ ಹೊರಟಿತು. ಬೇರೆ ಯಾರಾದರೂ ಆಗಿದ್ದರೆ ‘ಹಿಡಿಯಲೇ!’ ಎಂಬ ಒಂದೇ ಮಾತು ಸಾಕಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಶುರುಮಾಡಿದೆ: ‘ಅಳಿಯಂದ್ರ, ತಪ್ಪ ತಿಳೀಬ್ಯಾಡ್ರಿ, ಮುಂದ ಬಣವಿ ಒಂದು ಬಂದಂಗ ಕಾಣತೈತಿ, ನಿಮ್ಮ ಮನಸಿಗೆ ಬಂದ್ರ ಒಂದೀಟ ಬ್ರೇಕ್...’

ಬ್ರೇಕ್ ಎಂಬ ಮಾತು ಬರುವ ಹೊತ್ತಿಗೆ ಎದುರಿನ ಗಾಜಿನ ತುಂಬ ಕಣಕಿ ಇತ್ತು. ಕಿಟಕಿಯಿಂದ ಒಳಗೂ ಬಂತು. ಅಳಿಯಂದಿರ ತಲೆಯ ಮೇಲೆ ಎರಡು ದಂಟು ಬಾಸಿಂಗದಂತೆ ನಿಂತಿದ್ದವು. ಬಣವೆಯ ಮಾಲಕಿ ಮುದುಕಿ ಓಡಿಬಂದಳು. ಬೈಯುತ್ತಾಳೆ ಎಂದುಕೊಂಡೆ. ಆಕೆ ಸೊಂಟದ ಮೇಲೆ ಕೈ ಇಟ್ಟು ನೋಡಿ, ‘ಎಮ್ಮಿಗೆ ಕಣಕಿ ಹಿರದು ಕೊಡಾಕ ಆಳ ಸಿಗವಲ್ರು ಅಂತಿದ್ದೆ, ದೇವರ ಕಳಿಸ್ಯಾನ ನೋಡ’ ಅಂದಳು. ಮತ್ತೆ ಬಣವೆ ಒಟ್ಟಲು ಮಾವ ಅಳಿಯ ಇಬ್ಬರಿಗೂ ಮಧ್ಯಾಹ್ನದವರೆಗೆ ಹಿಡಿಯಿತು.

ಬಣವೆಯ ಮೇಲೆ ನಿಂತೇ ಶಿವಾನಂದ ಹೇಳಿದರು: ‘ಮಾವಾರ, ಹಿಂಗಾದ್ರ ಇಬ್ರೂ ಸಾಯತೇವಿ. ಲಾರಿಯೊಳಗ ನಾ ನಿಮ್ಮ ಅಳ್ಯಾ ಅಲ್ಲ. ಬೈರಿ.’

‘ನಾಲಿಗಿ ಹೊಳ್ಳೂದಿಲ್ರೀ...’

‘ಹೊಳ್ಳಸ್ರಿ. ನನಗ ಪೂರಾ ಪಗಾರ ಬೇಕು. ಬೈಸಿಕೊಳ್ಳಲಾರದ ಬರೂದಿಲ್ಲಂದ್ರ ಬೈಸಿಕೋತೇನಿ.’

ಅಂದಿನಿಂದ ಒಪ್ಪಂದವಾಯಿತು. ಲಾರಿಯ ಹೊರಗೆ ಅವರು ಅಳಿಯಂದಿರು, ಬಾಗಿಲು ಹಾಕಿಕೊಂಡರೆ ಶಿವ್ಯಾ. ಈ ಬರಹದಲ್ಲೂ ಅದೇ ರೀತಿ ನಡೆಸುತ್ತೇನೆ. ಒಳಗೆ ನಾನು ಇಮಾಮಸಾಬ ಉಸ್ತಾದರ ಪೂರ್ತಿ ಆಸ್ತಿಯನ್ನು ಬಿಚ್ಚಿದೆ. ಅಳಿಯನ ಮುಂದೆ ಎಷ್ಟು ವರ್ಷದಿಂದ ತಡೆದಿಟ್ಟಿದ್ದೆನೋ, ಬೈಯುತ್ತಾ ಬೈಯುತ್ತಾ ನನಗೇ ಖುಷಿಯಾಗತೊಡಗಿತು. ಮದುವೆಯಲ್ಲಿ ಅವರ ಕಡೆಯವರು ಚಹಾ ತಣ್ಣಗಿದೆ ಎಂದಿದ್ದಕ್ಕೂ ಸೇರಿಸಿ ಬೈದೆ. ಶಿವ್ಯಾ ಎಲ್ಲದಕ್ಕೂ ‘ಹೌದ್ರಿ’ ಎನ್ನುತ್ತಿದ್ದ, ಗೇರು ಬದಲಿಸುತ್ತಿದ್ದ. ಸುದ್ದಿ ಗಂಗವ್ವನಿಗೆ ಮುಟ್ಟದೆ ಇರುತ್ತದೆಯೇ? ಬಯಲಿನಲ್ಲಿ ಎಮ್ಮೆ ಮೇಯಿಸುವವರು ಮುಟ್ಟಿಸಿದರು. ಅವಳು ನನ್ನ ಜೊತೆ ಜಗಳವಾಡಲಿಲ್ಲ, ಬೇರೆ ದಾರಿ ಹಿಡಿದಳು. ನಾನು ಬೈದಷ್ಟಕ್ಕೆ ಪರಿಹಾರವಾಗಿ ಅಳಿಯನಿಗೆ ಸಿಹಿ ಮಾಡಿ ಹಾಕತೊಡಗಿದಳು. ಸಣ್ಣ ಬೈಗುಳಕ್ಕೆ ಗೋಧಿ ಹುಗ್ಗಿ, ದೊಡ್ಡದಕ್ಕೆ ಶೇಂಗಾದ ಹೋಳಿಗೆ, ಅವರ ವಂಶವನ್ನು ಎತ್ತಿದ ದಿನ ಕರಿಗಡಬು. ಓಣಿಯವರು ನಮ್ಮ ಮನೆಯ ವಾಸನೆ ಹಿಡಿದು, ‘ಇವತ್ತ ರಿವರ್ಸ್ ಸರಿ ಬರಲಿಲ್ಲ ಕಾಣತೈತಿ’ ಎಂದು ಮಾತಾಡಿಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಅಳಿಯಂದಿರು ಲಾರಿ ಕಲಿತರು, ಜೊತೆಗೆ ಪ್ಯಾಂಟುಗಳನ್ನು ಬಿಡಿಸಿ ಹೊಲಿಸಬೇಕಾಯಿತು.

ಕಲಿತರು ಎಂದೆ, ಆದರೆ ರಿವರ್ಸಿನಲ್ಲಿ ನನಗಿನ್ನೂ ಅನುಮಾನವಿತ್ತು. ನೆಟ್ಟಗೆ ಹಿಂದೆ ಹೋಗುವ ಬದಲು ಒಂದು ಗೇಣು ಎಡಕ್ಕೆ ಜಾರುತ್ತಿತ್ತು. ಪೂರಾ ಎನ್ನಲೋ ಅರ್ಧ ಎನ್ನಲೋ ಎಂಬುದು ಬಿಸಿ ತುಪ್ಪವಾಗಿತ್ತು. ಅಷ್ಟರಲ್ಲಿ ಮೊದಲ ತುಂಬಿದ ಲೋಡು ಬಂತು. ನವಲಗುಂದದ ಕಡೆಯ ಒಂದು ಹಳ್ಳಿಯಿಂದ ಹೆಸರುಕಾಳಿನ ಚೀಲ ತುಂಬಿಕೊಂಡು ಸಂಜೆಯೊಳಗೆ ಅಣ್ಣಿಗೇರಿ ಮುಟ್ಟಿಸಬೇಕು. ಬೆಳಿಗ್ಗೆ ಹೊರಡುವಾಗ ಕಸ್ತೂರಿ ಅವರಿಗೆ ಕುಂಕುಮ ಹಚ್ಚಿ, ನನ್ನ ಕಡೆ ಮಾತ್ರ ಒಂದು ನೋಟ ಬೀರಿದಳು.

ತುಂಬುವುದು, ತಾಡಪತ್ರಿ ಕಟ್ಟುವುದು, ಹೊರಡುವುದು ಎಲ್ಲ ಸರಿಯಾಯಿತು. ಅಲ್ಲಿ ನಮ್ಮ ತಲೆಯ ಮೇಲೆ ಬಿಸಿಲು. ಆದರೆ ಬೆಣ್ಣಿಹಳ್ಳಕ್ಕೆ ನಮ್ಮ ಬಿಸಿಲಿನ ಹಂಗಿಲ್ಲ. ಮೇಲೆ ಕುಂದಗೋಳ, ಹುಬ್ಬಳ್ಳಿ ಕಡೆ ರಾತ್ರಿ ಹೊಡೆದ ಮಳೆ ಹಗಲು ಇಲ್ಲಿಗೆ ಬರುತ್ತದೆ. ನಾವು ಮುಟ್ಟುವ ಹೊತ್ತಿಗೆ ಹಳ್ಳದ ಮೇಲಿನ ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು.

ಶಿವ್ಯಾ ಲಾರಿ ನಿಲ್ಲಿಸಿದ.

‘ಯಾಕ ನಿಂದರಿಸಿದಿ? ಮೊಣಕಾಲ ನೀರು. ಫಸ್ಟ್ ಗೇರಿಗೆ ಹಾಕು, ನಡಿ’ ಅಂದೆ.

‘ಬಾಜೂದ ಕಲ್ಲು ಕಾಣವಲ್ವು.’ ಸೇತುವೆಯ ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲುಗಳಿರುತ್ತವೆ. ಅವು ಮುಳುಗಿದ್ದವು.

‘ನನಗ ಕಾಣತಾವ ನಡಿ. ಈ ಹಳ್ಳಾ ನೂರ ಸಲ ದಾಟೇನಿ.’

ಅವನು ಇಂಜಿನ್ ಬಂದ್ ಮಾಡಿದ, ಹ್ಯಾಂಡ್‌ಬ್ರೇಕ್ ಎಳೆದ, ಚಾವಿ ತೆಗೆದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ‘ಇಲ್ರಿ’ ಅಂದ.

ಎರಡು ತಿಂಗಳು ‘ಹೌದ್ರಿ’ ಕೇಳಿದ ಕಿವಿಗೆ ಅದು ಹೊಸದು. ನಾನು ಶುರುಮಾಡಿದೆ ನೋಡಿ! ಅಂದು ಬೈದದ್ದಕ್ಕೆ ಗಂಗವ್ವ ಕರಿಗಡಬಿನ ಅಂಗಡಿಯನ್ನೇ ಇಡಬೇಕಾಗುತ್ತಿತ್ತು. ಅಂಜುಬುರುಕ ಎಂದೆ, ಮೊಬೈಲ್ ಅಂಗಡಿಗೇ ಲಾಯಕ್ಕು ಎಂದೆ. ಆ ಮಾತು ಆಡಬಾರದಿತ್ತು. ಇಂದಿಗೂ ನೆನಪಾದರೆ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ನಮ್ಮ ಹಿಂದೆ ಬಂದ ಒಂದು ಲಾರಿ ಪಕ್ಕದಿಂದ ಹಾದು ನೀರಿಗೆ ಇಳಿಯಿತು. ದಾಟಿತು. ಇನ್ನೊಂದು ಬಂತು. ಅದರ ಡ್ರೈವರ್ ಕತ್ತು ಹೊರಗೆ ಹಾಕಿ, ‘ಏನ್ರಿ ಯಜಮಾನ್ರ, ಗಂಗೀ ಪೂಜಾ ಮಾಡಾಕ ನಿಂತೀರೇನು?’ ಎಂದು ಕೂಗಿ ಅದೂ ದಾಟಿತು.

‘ನೋಡಿದಿ? ದಾಟಿದ್ರಲ್ಲ! ಚಾವಿ ಕೊಡ, ನಾ ಹೊಡೀತೇನಿ.’

‘ಅವರಿಗೂ ಕಾಣಲಿಲ್ರಿ. ಪುಣ್ಯಾ ಇತ್ತು, ದಾಟಿದ್ರು. ಲಾರಿ ನನ್ನ ಕೈಯಾಗ ಕೊಟ್ಟಾರ, ಚಾವಿ ಕೊಡೂದಿಲ್ಲ’ ಅಂದ. ಜೇಬಿನ ಗುಂಡಿಯನ್ನು ಒಮ್ಮೆ ಒತ್ತಿ ನೋಡಿಕೊಂಡ. ‘ನೀವು ಅರ್ಧ ಅಂತ ಹೇಳ್ರಿ, ನಡೀತೈತಿ.’

ಅಷ್ಟು ಹೇಳಿ ಇಳಿದುಹೋಗಿ ಒಂದು ಜಾಲಿಯ ಕಟ್ಟಿಗೆ ಮುರಿದು ನೀರಿನ ಅಂಚಿನಲ್ಲಿ ಚುಚ್ಚಿ, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ನೀರು ಇಳಿಯುತ್ತದೋ ಏರುತ್ತದೋ ನೋಡುತ್ತಾರಂತೆ. ಸಾವ್ಕಾರರ ಫೋನು ಬಂತು. ‘ಬ್ಯಾರೇದವರ ಲಾರಿ ಬಂದು ಮುಟ್ಟ್ಯಾವು, ನಮ್ಮದೆಲ್ಲಿ? ದಾಟಸ್ರಿ!’ ಎಂದರು. ‘ಚಾವಿ ನನ್ನ ಹತ್ರ ಇಲ್ರಿ’ ಎಂದೆ. ‘ಅಂವಗ ಕೊಡ್ರಿ ಫೋನು’ ಅಂದರು. ಕೊಟ್ಟೆ. ಅವರಿಗೂ ಅಳಿಯಂದಿರು ‘ಇಲ್ರಿ ಸಾವ್ಕಾರ್ರ, ಕಲ್ಲು ಕಂಡ ಮ್ಯಾಲ ದಾಟಸತೇನಿ’ ಎಂದು ಹೇಳಿ ಫೋನು ಹಿಂದಕ್ಕೆ ಕೊಟ್ಟರು. ಮತ್ತೆ ಎಷ್ಟು ಸಲ ಬಂತೋ, ಕೊನೆಗೆ ನಾನೇ ಫೋನನ್ನು ತಾಡಪತ್ರಿಯ ಕೆಳಗೆ ಇಟ್ಟೆ. ಬುತ್ತಿ ಬಿಚ್ಚಿದೆವು. ಲಾರಿಯ ಹೊರಗೆ ಕುಳಿತಿದ್ದೆವಲ್ಲ, ನಾನೇ ಅವರಿಗೆ ಮೊದಲು ರೊಟ್ಟಿ ಬಡಿಸಿದೆ. ಅವರು ಎರಡನೆಯದನ್ನೂ ತೆಗೆದುಕೊಂಡರು.

ಸೂರ್ಯ ಇಳಿಯುವ ಹೊತ್ತಿಗೆ ಸುಣ್ಣದ ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ನಾನು ಧೋತರ ಎತ್ತಿ ಕಟ್ಟಿಕೊಂಡು ಲಾರಿಯ ಮುಂದೆ ನಡೆದುಕೊಂಡು ಹೋದೆ, ಕಾಲಿನಿಂದಲೇ ತಡವಿ ನೋಡುತ್ತಾ. ಒಂದು ತಗ್ಗಿಲ್ಲ, ಒಂದು ಬಿರುಕಿಲ್ಲ. ಸೇತುವೆ ಗಟ್ಟಿಮುಟ್ಟಾಗಿತ್ತು. ಮಧ್ಯಾಹ್ನವೇ ದಾಟಬಹುದಿತ್ತು, ನನ್ನ ಮಾತೇ ನಿಜವಾಗಿತ್ತು. ಆದರೆ ಆಗ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಗೊತ್ತಿದೆ ಎಂದು ಕೂಗಿದ್ದೆ. ಯಾಕೆಂದರೆ ಅಳಿಯನ ಮುಂದೆ ಮೆರೆಯಬೇಕಿತ್ತು. ನೀರಿನ ನಡುವೆ ನಿಂತು ನನಗೆ ನಗು ಬಂತು, ಅದರ ಬೆನ್ನಿಗೇ ಮೈ ಜುಮ್ಮೆಂದಿತು. ತುಂಬಿದ ಲಾರಿ, ಕಾಣದ ಅಂಚು, ಸ್ಟೇರಿಂಗಿನಲ್ಲಿ ನನ್ನ ಮಗಳ ಗಂಡ.

ನಾವು ಮುಟ್ಟಿದಾಗ ಹಮಾಲರು ಮನೆಗೆ ಹೋಗಿಯಾಗಿತ್ತು. ಮರುದಿನ ಬೆಳಿಗ್ಗೆ ಸಾವ್ಕಾರರ ಅಂಗಡಿಗೆ ಹೋದೆ. ಅವರು ಕಡಲೆ ಅಗಿಯುತ್ತಿರಲಿಲ್ಲ.

‘ಹೇಳ್ರಿ ಉಸ್ತಾದ್ರ. ಅರ್ಧೋ, ಪೂರಾನೋ?’

‘ಪೂರಾ.’

‘ದಿನಾ ಎಲ್ಲಾ ಹಳ್ಳದ ದಂಡಿಗೆ ಕುಂತಾಂವಗ ಪೂರಾ? ಅಳ್ಯಾ ಅಂತ ಹೇಳಾಕತ್ತೀರಿ.’

‘ಅಳ್ಯಾ ಅಂತ ಹೇಳೂದಿದ್ರ ನಿನ್ನೆ ಅಷ್ಟು ಬೈತಿದ್ದಿಲ್ರಿ. ನಾ ದಾಟಸು ಅಂದೆ, ನೀವು ದಾಟಸು ಅಂದ್ರಿ, ದಾರ್ಯಾಗಿನ ಮಂದಿ ನಕ್ರು. ಪಗಾರ ಹೋದ್ರ ಹೋಗಲಿ ಅಂದ, ಚಾವಿ ಕೊಡಲಿಲ್ಲ. ರಿವರ್ಸ್ ಒಂದ ಗೇಣ ಎಡಕ್ಕ ಹೋಗತೈತಿ, ಅದನ್ನ ನಾ ಸರಿಮಾಡತೇನಿ. ಈ ‘ಇಲ್ರಿ’ ಅನ್ನೂದನ್ನ ನಾ ಕಲಿಸಿಲ್ಲ, ನನಗ ಕಲಿಸಾಕೂ ಬರೂದಿಲ್ಲ.’

ಸಾವ್ಕಾರರು ಜೇಬಿಗೆ ಕೈ ಹಾಕಿದರು. ಆಮೇಲೆ ಒಂದು ಕಡಲೆ ಬಾಯಿಗೆ ಹಾಕಿಕೊಂಡರು. ‘ಆತು, ಪೂರಾ. ಇನ್ನೊಂದು ಹೇಳ್ರಿ. ನೀವು ಸುಳ್ಳ ಹೇಳೂದಿಲ್ಲ ಅಂತ ಕೇಳತೇನಿ. ಕಲ್ಲ ಕಾಣಲಾರದ ನೀರಾಗ ನನ್ನ ಲೋಡ್ ಲಾರಿ ಹೊಗಸು ಅಂದ ಡ್ರೈವರ್ ಒಬ್ಬ ಅದಾನ. ಅಂವಗ ಎಷ್ಟು?’

ಸಾವ್ಕಾರರೂ ಫೋನಿನಲ್ಲಿ ಅದನ್ನೇ ಅಂದಿದ್ದರು. ಆದರೆ ಅವರಿಗೆ ಪಗಾರ ಕೊಡುವವರು ಯಾರೂ ಇಲ್ಲವಲ್ಲ. ಮಾಡಿದ್ದುಣ್ಣೋ ಮಹಾರಾಯ. ಎಷ್ಟೋ ಜನರ ಮುಖ ನೋಡಿ ಹೇಳಿದ ಆ ಮಾತನ್ನು ಮೊದಲ ಬಾರಿಗೆ ನನ್ನ ಬಗ್ಗೆ ಹೇಳಿದೆ.

‘ಅರ್ಧ ರೀ.’

‘ಬರಕೊಂಡೆ’ ಎಂದರು ಸಾವ್ಕಾರರು. ಬರೆದುಕೊಂಡೂ ಬಿಟ್ಟರು.

ಹೊರಗೆ ಬೇವಿನ ಗಿಡದ ಕೆಳಗೆ ಅಳಿಯಂದಿರು ಅಂಗಿಯ ಗುಂಡಿ ತಿರುವುತ್ತಾ ನಿಂತಿದ್ದರು. ಹತ್ತಿರ ಹೋಗಿ ಹೇಳಿದೆ. ನಿಮಗೆ ಪೂರಾ, ನನಗೆ ಅರ್ಧ. ಅವರ ಕಣ್ಣು ಒಮ್ಮೆ ತುಂಬಿ ಬಂತು, ತುಟಿ ಕಚ್ಚಿಕೊಂಡರು. ನಗು ತಡೆಯುತ್ತಿದ್ದಾರೋ ಅಳು ತಡೆಯುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಬಾಗಿ, ಮಾವನಿಗೆ ಸಲ್ಲಬೇಕಾದ ಪೂರ್ತಿ ಮರ್ಯಾದೆಯಿಂದ ಹೇಳಿದರು:

‘ಚಿಂತಿ ಮಾಡಬ್ಯಾಡ್ರಿ ಮಾವಾರ. ಆರ ತಿಂಗಳದಾಗ ಕಲ್ತಬಿಡತೀರಿ.’